ದೀಪ ಹೊತ್ತಿದ್ದು ಯಾವಾಗ? ಕಾರನ್ನೇ ಕೇಳಿ

ಸರ್ವಿಸ್‌ಗೆ ಬಿಟ್ಟ ಕಾರು ವಾಪಸು ಬಂದ ಮರುದಿನವೇ ಡ್ಯಾಶ್‌ಬೋರ್ಡಿನಲ್ಲಿ ಹಿಂದೆ ಕಾಣದಿದ್ದ ದೀಪವೊಂದು ಹೊತ್ತಿಕೊಂಡರೆ ಮುಂದಿನ ಮಾತುಕತೆ ಹೇಗೆ ಸಾಗುತ್ತದೆ ಎಂಬುದು ಕಾರು ಇಟ್ಟುಕೊಂಡವರಿಗೆಲ್ಲ ಬಾಯಿಪಾಠ. ‘ನಿಮ್ಮ ಹತ್ತಿರ ಬಿಡೋವರೆಗೆ ಏನೂ ಇರಲಿಲ್ಲ’ ಎಂದು ಮಾಲೀಕರು. ‘ನಾವು ಮಾಡಿದ್ದು ಆಯಿಲ್ ಸರ್ವಿಸ್ ಸಾರ್, ಇದು ಎಲೆಕ್ಟ್ರಿಕಲ್, ಅದಕ್ಕೂ ಇದಕ್ಕೂ ಸಂಬಂಧವಿಲ್ಲ’ ಎಂದು ಸರ್ವಿಸ್ ಅಡ್ವೈಸರ್. ಒಬ್ಬರು ಅನುಮಾನದಿಂದ, ಇನ್ನೊಬ್ಬರು ಅಭ್ಯಾಸದಿಂದ ಮಾತಾಡುತ್ತಾರೆ. ಕೊನೆಗೆ ಯಾರ ದನಿ ದೊಡ್ಡದೋ, ಯಾರಿಗೆ ಆಫೀಸಿಗೆ ತಡವಾಗುತ್ತಿದೆಯೋ ಅದರ ಮೇಲೆ ತೀರ್ಮಾನ. ವಿಚಿತ್ರವೆಂದರೆ, ಈ ಜಗಳದಲ್ಲಿ ಇಬ್ಬರೂ ಕೇಳದೆ ಬಿಡುವ ಮೂರನೆಯ ಸಾಕ್ಷಿಯೊಂದು ಅಲ್ಲೇ ನಿಂತಿರುತ್ತದೆ. ಅದು ಕಾರು. ತನ್ನೊಳಗೆ ಯಾವ ದೋಷ ಹುಟ್ಟಿತು, ಆಗ ಎಂಜಿನ್ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ಇಂದಿನ ಕಾರು ಬರೆದಿಟ್ಟುಕೊಳ್ಳುತ್ತದೆ. ಆ ಬರಹವನ್ನು ಸರ್ವಿಸ್‌ಗೆ ಮುಂಚೆ ಒಮ್ಮೆ, ನಂತರ ಒಮ್ಮೆ ಓದಿ ಜಾಬ್ ಕಾರ್ಡಿಗೆ ಲಗತ್ತಿಸುವುದನ್ನು ಕಡ್ಡಾಯ ಮಾಡಬೇಕು. ಹಾಗೆ ಮಾಡದ ವರ್ಕ್‌ಶಾಪಿಗೆ ‘ಇದು ಮೊದಲೇ ಇತ್ತು’ ಎಂದು ಹೇಳುವ ಹಕ್ಕು ಇರಕೂಡದು. ನನ್ನ ವಾದ ಇಷ್ಟೇ.

ಆಯಿಲ್ ಸರ್ವಿಸ್‌ಗೂ ಎಲೆಕ್ಟ್ರಾನಿಕ್ಸ್‌ಗೂ ಸಂಬಂಧವಿಲ್ಲ ಎಂಬ ಮಾತು ಕಾರ್ಬುರೇಟರ್ ಕಾಲದಲ್ಲಿ ನಿಜವಾಗಿತ್ತು. ಆಗ ಬಾನೆಟ್ ಕೆಳಗಿದ್ದ ವಿದ್ಯುತ್ತಿನ ಸಂಸಾರ ಸಣ್ಣದು: ಬ್ಯಾಟರಿ, ಡೈನಮೊ, ಕಾಯಿಲ್, ಡಿಸ್ಟ್ರಿಬ್ಯೂಟರ್, ನಾಲ್ಕು ಪ್ಲಗ್ಗು. ನಂತರದ ಬದಲಾವಣೆ ಮಾಲಿನ್ಯ ನಿಯಮಗಳ ದಾರಿಯಿಂದ ಬಂತು. ಹೊಗೆ ಹೆಚ್ಚಿಸುವ ದೋಷವನ್ನು ವಾಹನ ತಾನೇ ಪತ್ತೆ ಹಚ್ಚಿ ಚಾಲಕನಿಗೆ ದೀಪದ ಮೂಲಕ ತಿಳಿಸಬೇಕು ಎಂಬ ಒಬಿಡಿ ವ್ಯವಸ್ಥೆಯ ಎರಡನೆಯ ರೂಪವನ್ನು ಅಮೆರಿಕ 1996ರ ಮಾದರಿಗಳಿಂದ ಎಲ್ಲ ಕಾರುಗಳಿಗೂ ಕಡ್ಡಾಯ ಮಾಡಿತು. ನಮ್ಮಲ್ಲಿ ಬಿಎಸ್-4 ಜೊತೆಗೆ 2010ರಲ್ಲಿ ಮೊದಲ ಹಂತ, 2013ರಲ್ಲಿ ಎರಡನೆಯ ಹಂತ ಬಂತು. 2020ರ ಏಪ್ರಿಲ್ 1ರಿಂದ ಬಿಎಸ್-6, 2023ರಿಂದ ಅದರ ಇನ್ನೂ ಬಿಗಿಯಾದ ಎರಡನೆಯ ಹಂತ. 2019ರಲ್ಲಿ ಎಬಿಎಸ್ ಮತ್ತು ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದವು. ಹೀಗೆ ಒಂದೊಂದೇ ನಿಯಮ ಬಂದಂತೆ ಒಂದೊಂದು ಗಣಕ ಪೆಟ್ಟಿಗೆ ಕಾರಿನೊಳಗೆ ಸೇರಿತು. ಅವೆಲ್ಲ ಪರಸ್ಪರ ಮಾತಾಡುವುದು ಎರಡು ತಂತಿಗಳ ಮೇಲೆ. ಕ್ಯಾನ್ ಎಂಬ ಆ ಜಾಲವನ್ನು 1986ರಲ್ಲಿ ಜಗತ್ತಿನ ಮುಂದಿಟ್ಟದ್ದು ಜರ್ಮನಿಯ ಬಾಷ್, ಅಂದರೆ ಬೆಂಗಳೂರಿನ ಹಳಬರು ಇಂದಿಗೂ ಮೈಕೋ ಎಂದೇ ಕರೆಯುವ ಆಡುಗೋಡಿಯ ಸಂಸ್ಥೆಯ ಮೂಲ ಕಂಪನಿ. ಆ ಜಾಲ ಬಂದ ಮೇಲೆ ಒಂದು ಕಡೆಯ ಸಡಿಲ ಇನ್ನೊಂದು ಕಡೆಯ ದೀಪವಾಗಿ ಕಾಣುವುದು ಮಾಮೂಲು.

ಹಾಗಾದರೆ ಸಾಧಾರಣ ಸರ್ವಿಸ್‌ನಲ್ಲಿ ಕೈ ಎಲ್ಲೆಲ್ಲಿ ಆಡುತ್ತದೆ ನೋಡಿ. ಏರ್ ಫಿಲ್ಟರ್ ಬದಲಿಸಬೇಕು. ಹಲವು ಕಾರುಗಳಲ್ಲಿ ಆ ಡಬ್ಬಿಯ ಪಕ್ಕದಲ್ಲೇ ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರ್ ಇರುತ್ತದೆ. ಅದರ ಕಪ್ಲರ್ ತೆಗೆದು, ಮತ್ತೆ ಹಾಕುವಾಗ ‘ಟಕ್’ ಎನ್ನುವವರೆಗೆ ಒತ್ತದಿದ್ದರೆ ಮೊದಲ ಹತ್ತು ಕಿಲೋಮೀಟರ್ ಏನೂ ಆಗದು, ಮೊದಲ ದೊಡ್ಡ ಹಂಪ್ ದಾಟಿದಾಗ ಸಂಪರ್ಕ ತಪ್ಪುತ್ತದೆ. ಸೆನ್ಸರ್ ದಾಟಿದ ಮೇಲಿನ ರಬ್ಬರ್ ಹೋಸಿನ ಕ್ಲಿಪ್ಪು ಬಿಗಿಯಾಗದಿದ್ದರೆ ಅಳತೆಗೆ ಸಿಗದ ಗಾಳಿ ಒಳನುಗ್ಗಿ, ಇಂಧನ ಸಾಲದು ಎಂಬ ದೂರು ಎಂಜಿನ್ ಗಣಕದಲ್ಲಿ ದಾಖಲಾಗುತ್ತದೆ. ಥ್ರಾಟಲ್ ಬಾಡಿಗೆ ಕ್ಲೀನರ್ ಹೊಡೆದು ಮಸಿ ಒರೆಸಿದರೆ, ಆ ಮಸಿಯ ಲೆಕ್ಕ ಹಿಡಿದೇ ಐಡ್ಲಿಂಗ್ ಕಲಿತಿದ್ದ ಗಣಕಕ್ಕೆ ಮತ್ತೆ ಕಲಿಸಬೇಕು. ಕಲಿಸದಿದ್ದರೆ ಸಿಗ್ನಲ್ಲಿನಲ್ಲಿ ನಿಂತ ಕಾರು ನಡುಗುತ್ತದೆ. ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿದರೆ ಕಿಟಕಿ ಗಾಜು ಒಂದೇ ಒತ್ತಿಗೆ ಮೇಲೇರುವುದನ್ನು ಮರೆಯುತ್ತದೆ, ಕೆಲವು ಕಾರುಗಳಲ್ಲಿ ಸ್ಟೀರಿಂಗ್ ಎಷ್ಟು ತಿರುಗಿದೆ ಎಂಬ ಲೆಕ್ಕ ತಪ್ಪಿ ಇಎಸ್‌ಪಿ ದೀಪ ಉರಿಯುತ್ತದೆ. ಒಳಗಿನ ಡ್ರೈಕ್ಲೀನಿಂಗ್‌ಗಾಗಿ ಸೀಟು ಬಿಚ್ಚುವವರು ಸೀಟಿನ ಕೆಳಗಿನ ಹಳದಿ ಕಪ್ಲರ್ ಕಳಚಿದ್ದಾಗ ಯಾರಾದರೂ ಕಾರಿನ ಕೀಲಿ ತಿರುಗಿಸಿದರೆ ಏರ್‌ಬ್ಯಾಗ್ ಗಣಕ ಅದನ್ನು ಗಂಭೀರ ದೋಷವೆಂದು ಬರೆದುಕೊಳ್ಳುತ್ತದೆ. ಮತ್ತೆ ಕಪ್ಲರ್ ಹಾಕಿದರೂ ಎಷ್ಟೋ ಕಾರುಗಳಲ್ಲಿ ಸ್ಕ್ಯಾನರ್ ಹಚ್ಚುವವರೆಗೆ ದೀಪ ಆರುವುದಿಲ್ಲ. ಬ್ರೇಕ್ ಪ್ಯಾಡ್ ಬದಲಿಸುವಾಗ ಚಕ್ರದ ವೇಗ ಅಳೆಯುವ ಸೆನ್ಸರಿನ ವೈರು ಎಳೆದಾಡಿದರೆ ಎಬಿಎಸ್ ದೀಪ. ಅರ್ಥಿಂಗ್ ಪಟ್ಟಿಯ ಬೋಲ್ಟ್ ಸಡಿಲ ಬಿಟ್ಟರೆ ಮಾತ್ರ ಕತೆಯೇ ಬೇರೆ: ಹೆಡ್‌ಲೈಟ್ ಮಂಕು, ಹಾರನ್ ಒತ್ತಿದರೆ ಮೀಟರ್ ಮುಳ್ಳು ಕುಣಿತ, ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ದೋಷಗಳು ಒಟ್ಟಿಗೆ. ಅಂಥ ಕಾರನ್ನು ಕಂಡು ‘ಈಸಿಎಂ (ಎಂಜಿನ್ ಗಣಕ) ಹೋಗಿದೆ’ ಎಂದು ಹತ್ತಾರು ಸಾವಿರದ ಅಂದಾಜು ಬರೆದುಕೊಡುವವರಿಗೂ ಕೊರತೆಯಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಯಾರೂ ಕೆಲಸವೆಂದೇ ಲೆಕ್ಕಿಸದ ವಾಟರ್ ವಾಶ್. ಬಾನೆಟ್ ಎತ್ತಿ ಪ್ರೆಶರ್ ಗನ್ ಹಿಡಿದು ಎಂಜಿನ್ ಮೇಲೆ ನೀರು ಹೊಡೆಯುವ ಪದ್ಧತಿ ನಮ್ಮಲ್ಲಿ ಗೌರವದ ಸೇವೆಯಾಗಿ ಉಳಿದುಕೊಂಡಿದೆ; ಥಳಥಳ ಎನ್ನುವ ಎಂಜಿನ್ ನೋಡಿ ಮಾಲೀಕರಿಗೂ ಖುಷಿ. ಕಪ್ಲರುಗಳ ರಬ್ಬರ್ ಸೀಲು ಮಳೆ ಮತ್ತು ರಸ್ತೆಯ ನೀರಿನ ಸಿಡಿತ ತಡೆಯಲೆಂದು ಮಾಡಿದ್ದು, ಅಷ್ಟು ಹತ್ತಿರದಿಂದ ಬರುವ ರಭಸದ ಧಾರೆಯನ್ನಲ್ಲ. ಪ್ಲಗ್ಗಿನ ಮೇಲೆ ಕೂರುವ ಕಾಯಿಲಿನ ಗುಂಡಿಯಲ್ಲಿ ನಿಂತ ನೀರು ಎಂಜಿನ್ ಬಿಸಿಯಾದಾಗ ಆವಿಯಾಗಿ ಕಿಡಿಯನ್ನು ಅಡ್ಡದಾರಿಗೆ ಎಳೆಯುತ್ತದೆ. ಎಂಜಿನ್ ಮಿಸ್ ಹೊಡೆಯುತ್ತದೆ. ಕಪ್ಲರಿನ ಪಿನ್ನಿನ ಮೇಲೆ ಉಳಿದ ಹನಿ ಇನ್ನೂ ನಿಧಾನಿ. ಅದು ಹಸಿರು ಕಿಲುಬಾಗಿ ಸಂಪರ್ಕವನ್ನು ತಿನ್ನಲು ವಾರಗಳು ಹಿಡಿಯುತ್ತವೆ, ಅಷ್ಟರಲ್ಲಿ ಸರ್ವಿಸ್ ಬಿಲ್ಲಿನ ನೆನಪೂ ಮಾಸಿರುತ್ತದೆ. ಕಾರವಾರ, ಮಂಗಳೂರಿನಂಥ ಊರುಗಳ ಉಪ್ಪುಗಾಳಿಯಲ್ಲಿ ಈ ಕೆಲಸ ಇನ್ನೂ ಬೇಗ. ಸರ್ವಿಸ್‌ಗೂ ದೋಷಕ್ಕೂ ನಡುವೆ ದಿನಗಳು ಕಳೆದಿವೆ ಎಂಬ ಒಂದೇ ಕಾರಣಕ್ಕೆ ಸಂಬಂಧ ಕಡಿದುಹೋಗುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಆದರೂ ವರ್ಕ್‌ಶಾಪಿನವರ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಪ್ರಸಂಗಗಳು ಕಾರಿನ ಲೋಕದಲ್ಲಿ ಧಾರಾಳವಾಗಿವೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ಆಸುಪಾಸು ತೋರಿಸಬೇಕು. ನಾಲ್ಕೈದು ವರ್ಷ ದುಡಿದ ಬ್ಯಾಟರಿ ಹಾಗೆ ತೋರಿಸಿದರೂ ಸ್ಟಾರ್ಟರ್ ಎಳೆದ ಕ್ಷಣದಲ್ಲಿ ಕುಸಿಯುತ್ತದೆ. ಸರ್ವಿಸ್ ಬೇಯಲ್ಲಿ ಬಾಗಿಲು ತೆರೆದು, ಒಳಗಿನ ದೀಪ ಉರಿಸಿ, ಹತ್ತು ಸಲ ಕಾರು ಸ್ಟಾರ್ಟ್ ಮಾಡಿ ಹಿಂದೆ ಮುಂದೆ ಸರಿಸುವಾಗ ಅದರ ಕೊನೆಯ ಕಸುವೂ ಮುಗಿದು, ಗಣಕಗಳು ಒಂದರ ಹಿಂದೊಂದು ಮಂಕಾಗಿ, ಸಂಪರ್ಕ ತಪ್ಪಿತೆಂಬ ಕೋಡುಗಳನ್ನು ಉದುರಿಸುತ್ತವೆ. ಇದು ಮೆಕ್ಯಾನಿಕ್ ಮಾಡಿದ ಕೇಡಲ್ಲ, ವಯಸ್ಸಿನ ಫಲ. ಹತ್ತು ವರ್ಷ ಎಂಜಿನ್ ಶಾಖ ಕುಡಿದ ಪ್ಲಾಸ್ಟಿಕ್ ಕಪ್ಲರಿನ ಲಾಕು ಎಷ್ಟೇ ನಾಜೂಕಾಗಿ ಮುಟ್ಟಿದರೂ ಬಿಸ್ಕತ್ತಿನಂತೆ ಮುರಿಯುವುದುಂಟು. ಇಲಿ ಕಡಿದ ವೈರು, ಮಾಲೀಕರೇ ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಎಲ್‌ಇಡಿ ಹೆಡ್‌ಲೈಟು, ವೈರಿಂಗ್ ಸಿಗಿದು ಟೇಪು ಸುತ್ತಿದ ಜಿಪಿಎಸ್ ಟ್ರ್ಯಾಕರು, ಇವೂ ಸರ್ವಿಸ್‌ನ ಹೊತ್ತಿಗೇ ಬಣ್ಣ ಬಯಲು ಮಾಡಬಹುದು. ವರ್ಷಕ್ಕೊಮ್ಮೆ ಸರ್ವಿಸ್ ಆಗುವ ಕಾರಿನಲ್ಲಿ ಯಾವುದೇ ದೋಷ ಸರ್ವಿಸ್‌ನ ಆಚೀಚೆಯ ವಾರದಲ್ಲಿ ಬರುವ ಸಾಧ್ಯತೆ ಇದ್ದೇ ಇದೆ. ಹಾಗಾಗಿ ‘ಬಿಡುವಾಗ ಸರಿಯಿತ್ತು, ಆದ್ದರಿಂದ ನೀವೇ ಕೆಡಿಸಿದ್ದು’ ಎಂಬ ತರ್ಕವೂ ‘ನಾವು ಅದನ್ನು ಮುಟ್ಟಲಿಲ್ಲ, ಆದ್ದರಿಂದ ನಮಗೆ ಸಂಬಂಧವಿಲ್ಲ’ ಎಂಬ ತರ್ಕವೂ ಸಮಸಮ ಟೊಳ್ಳು.

ಟೊಳ್ಳು ತರ್ಕಗಳ ನಡುವೆ ಗಟ್ಟಿಯಾದದ್ದೇನಾದರೂ ಇದ್ದರೆ ಅದು ಸ್ಟೀರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿನಲ್ಲಿದೆ. ಅಲ್ಲಿಗೆ ಸ್ಕ್ಯಾನರ್ ಹಚ್ಚಿದರೆ ದೋಷದ ಕೋಡು ಮಾತ್ರ ಸಿಗುತ್ತದೆ ಎಂದು ಹಲವರ ತಿಳಿವಳಿಕೆ. ಅದಕ್ಕಿಂತ ಹೆಚ್ಚಿನದು ಅಲ್ಲಿದೆ. ಎಂಜಿನ್ನಿಗೆ ಸೇರಿದ ಕೋಡು ದಾಖಲಾದ ಕ್ಷಣದಲ್ಲಿ ಎಂಜಿನ್ ಎಷ್ಟು ಸುತ್ತು ತಿರುಗುತ್ತಿತ್ತು, ಕೂಲೆಂಟ್ ಎಷ್ಟು ಬಿಸಿಯಿತ್ತು, ಕಾರು ಎಷ್ಟು ವೇಗದಲ್ಲಿತ್ತು ಎಂಬ ಫ್ರೀಜ್ ಫ್ರೇಮ್ ಎಂಬ ಚಿತ್ರವೂ ಉಳಿಯುತ್ತದೆ. ಇನ್ನೂ ಸ್ವಾರಸ್ಯವಾದದ್ದು, ದೀಪ ಹೊತ್ತಿದ ಮೇಲೆ ಕಾರು ಎಷ್ಟು ಕಿಲೋಮೀಟರ್ ಓಡಿದೆ, ಕೊನೆಯ ಸಲ ಕೋಡುಗಳನ್ನು ಅಳಿಸಿದ ಮೇಲೆ ಎಷ್ಟು ಓಡಿದೆ ಎಂಬ ಲೆಕ್ಕವನ್ನೂ ಒಬಿಡಿ ಮಾನದಂಡದಲ್ಲಿ ಸೇರಿಸಲಾಗಿದೆ. ಹಲವು ಕಾರುಗಳಲ್ಲಿ ಸಾಧಾರಣ ಸ್ಕ್ಯಾನರಿನಿಂದಲೇ ಇದನ್ನು ಓದಬಹುದು. ಸರ್ವಿಸ್ ಬಿಲ್ಲಿನಲ್ಲಿರುವ ಓಡೋಮೀಟರ್ ಸಂಖ್ಯೆಯ ಪಕ್ಕ ಈ ಲೆಕ್ಕ ಇಟ್ಟು ನೋಡಿದರೆ ಕೋಡು ಅಳಿಸಿದ್ದು ಯಾರ ಕೈಯಲ್ಲಿ ಕಾರಿದ್ದಾಗ ಎಂಬುದು ಬಹುಮಟ್ಟಿಗೆ ಬಯಲಾಗುತ್ತದೆ. ಅಳಿಸಿ ಪಾರಾಗುವ ಚಾಳಿ ಅಮೆರಿಕದಲ್ಲೂ ಇದ್ದದ್ದರಿಂದಲೇ ಅಲ್ಲಿ 2010ರ ಸುಮಾರಿನ ಮಾದರಿಗಳಿಂದ, ದೋಷ ನಿಜವಾಗಿ ಸರಿಯಾಗುವವರೆಗೆ ಸ್ಕ್ಯಾನರಿಗೂ ಅಳಿಸಲಾಗದ ಕಾಯಂ ಕೋಡುಗಳನ್ನು ಕಡ್ಡಾಯ ಮಾಡಿದರು.

ನಮ್ಮಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ದೀಪ ಹೊತ್ತಿದೆ ಎಂದು ಕಾರು ತಂದರೆ ಹುಡುಗನೊಬ್ಬ ಸ್ಕ್ಯಾನರ್ ಹಚ್ಚಿ, ಪರದೆಯ ಮೇಲೆ ಬಂದದ್ದನ್ನು ಅರ್ಧ ನೋಡಿ, ಅಳಿಸುವ ಗುಂಡಿ ಒತ್ತಿ ‘ಆಯ್ತು ಸಾರ್, ಮತ್ತೆ ಬಂದ್ರೆ ತನ್ನಿ’ ಎನ್ನುತ್ತಾನೆ. ಒಂದು ನಿಮಿಷದಲ್ಲಿ ಮುಗಿದ ಈ ಉಪಕಾರ ನಿಜವಾಗಿ ಸಾಕ್ಷ್ಯನಾಶ. ಕೋಡಿನ ಜೊತೆ ಫ್ರೀಜ್ ಫ್ರೇಮ್ ಕೂಡ ಅಳಿಯುತ್ತದೆ. ಎರಡು ವಾರ ಬಿಟ್ಟು ದೀಪ ಮತ್ತೆ ಹೊತ್ತಿದಾಗ ಅದು ಹೊಸ ದೋಷವೋ ಹಳೆಯದೋ ಎಂದು ಹೇಳಲು ಯಾರಿಗೂ ಆಗದು. ಇನ್ನೊಂದು ಚಾಳಿ ಕೋಡನ್ನೇ ಔಷಧ ಚೀಟಿಯೆಂದು ತಿಳಿದು ಭಾಗ ಬದಲಿಸುವುದು. ಪಿ 0171 ಎಂಬ ಕೋಡು ಹೇಳುವುದು ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆಯಿದೆ ಎಂದಷ್ಟೆ. ಕಾರಣ ಹೋಸಿನ ಸಡಿಲ ಕ್ಲಿಪ್ಪಿರಬಹುದು, ದುರ್ಬಲ ಪೆಟ್ರೋಲ್ ಪಂಪಿರಬಹುದು, ಕೊಳೆಯಾದ ಗಾಳಿ ಸೆನ್ಸರಿರಬಹುದು. ಮೊದಲು ಆಕ್ಸಿಜನ್ ಸೆನ್ಸರ್, ಆಮೇಲೆ ಗಾಳಿ ಸೆನ್ಸರ್, ಆಮೇಲೆ ಇಂಜೆಕ್ಟರ್ ಎಂದು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಸಾಲಾಗಿ ಭಾಗ ತರಿಸುವ ಗ್ಯಾರೇಜು ರೋಗ ಪತ್ತೆ ಮಾಡುತ್ತಿಲ್ಲ, ಗಿರಾಕಿಯ ಖರ್ಚಿನಲ್ಲಿ ಜೂಜಾಡುತ್ತಿದೆ. ಸರ್ವಿಸ್ ಆದ ಕಾರಿನಲ್ಲಿ ಹೊಸ ದೋಷ ಕಂಡರೆ ಮೊದಲು ನೋಡಬೇಕಾದ್ದು ಸರ್ವಿಸ್‌ನಲ್ಲಿ ಕೈಯಾಡಿದ ಜಾಗಗಳನ್ನು: ಪ್ರತಿ ಕಪ್ಲರ್, ಪ್ರತಿ ಹೋಸು, ಬ್ಯಾಟರಿಯ ಎರಡೂ ಟರ್ಮಿನಲ್, ಅರ್ಥಿಂಗ್ ಬೋಲ್ಟು, ತೆಗೆದು ಹಾಕಿದ ಫ್ಯೂಸು. ಇದಕ್ಕೆ ಬೇಕಾದ್ದು ಟಾರ್ಚು, ಮಲ್ಟಿಮೀಟರು, ತಾಳ್ಮೆ. ಜಾಬ್ ಕಾರ್ಡಿನಲ್ಲಿ ಏನೇನು ಬಿಚ್ಚಲಾಯಿತು ಎಂದು ಬರೆದಿದ್ದರೆ ಇದು ಇನ್ನೂ ಸುಲಭ. ‘ಜನರಲ್ ಚೆಕಪ್’ ಎಂಬ ಎರಡೇ ಪದದ ಜಾಬ್ ಕಾರ್ಡಿನಿಂದ ಯಾರಿಗೂ ಏನೂ ತಿಳಿಯದು.

ಕಾರು ಒಳಗೆ ಬರುವಾಗ ಒಂದು ಸ್ಕ್ಯಾನ್, ಹೊರಗೆ ಹೋಗುವಾಗ ಒಂದು ಸ್ಕ್ಯಾನ್ ಎಂಬುದು ನಾನು ಕಟ್ಟಿದ ಕಲ್ಪನೆಯಲ್ಲ. ಅಪಘಾತಕ್ಕೀಡಾದ ಕಾರುಗಳ ದುರಸ್ತಿಯಲ್ಲಿ ಮೊದಲು ಮತ್ತು ನಂತರ ಎರಡೂ ಸಲ ಎಲ್ಲ ಗಣಕಗಳನ್ನು ಓದಲೇಬೇಕು ಎಂದು 2016ರ ಸುಮಾರಿನಲ್ಲಿ ಹೋಂಡಾ, ಜನರಲ್ ಮೋಟಾರ್ಸ್ ಮುಂತಾದ ಕಂಪನಿಗಳು ಅಮೆರಿಕದ ಗ್ಯಾರೇಜುಗಳಿಗೆ ಅಧಿಕೃತವಾಗಿ ತಿಳಿಸಿದವು. ದೀಪ ಹೊತ್ತದೆಯೂ ಕೋಡುಗಳು ಇರಬಲ್ಲವು ಎಂಬುದು ಅವು ಕೊಟ್ಟ ಮುಖ್ಯ ಕಾರಣ. ಅಪಘಾತಕ್ಕೆ ಒಪ್ಪುವ ತರ್ಕ ಸಾಧಾರಣ ಸರ್ವಿಸ್‌ಗೂ ಒಪ್ಪುತ್ತದೆ, ಅದರಲ್ಲೂ ಕ್ಯಾಮೆರಾ ಮತ್ತು ರೇಡಾರ್ ಇರುವ ಹೊಸ ಕಾರುಗಳಲ್ಲಿ. ಮುಂದಿನ ಗಾಜು ಬದಲಿಸಿದರೆ ಅದರ ಹಿಂದಿನ ಕ್ಯಾಮೆರಾದ ನೋಟವನ್ನು ಮತ್ತೆ ಹೊಂದಿಸಬೇಕು. ಹೊಂದಿಸದಿದ್ದರೆ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ತಪ್ಪು ಹೊತ್ತಿನಲ್ಲಿ ಹಾಕಬಹುದು ಅಥವಾ ಹಾಕದೆ ಇರಬಹುದು. ಆಗ ಪ್ರಶ್ನೆ ಬಿಲ್ಲಿನದಲ್ಲ, ಜೀವದ್ದು.

ಕಾನೂನು ಈ ವಾದದ ಪರವಾಗಿಯೇ ಇದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಕೆಲಸಕ್ಕಾಗಿ ಒಪ್ಪಿಸಿದ ವಸ್ತುವನ್ನು ವಿವೇಕವುಳ್ಳ ವ್ಯಕ್ತಿ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟೇ ಜತನದಿಂದ ನೋಡಿಕೊಳ್ಳಬೇಕು ಎನ್ನುತ್ತದೆ 1872ರ ಭಾರತೀಯ ಕರಾರು ಕಾಯಿದೆಯ 151ನೇ ಕಲಂ. ದೆಹಲಿಯ ತಾಜ್‌ಮಹಲ್ ಹೋಟೆಲಿನ ಸಿಬ್ಬಂದಿಗೆ ಪಾರ್ಕಿಂಗ್‌ಗೆಂದು ಕೀಲಿ ಕೊಟ್ಟ ಮಾರುತಿ ಝೆನ್ ಕಾರು 1998ರಲ್ಲಿ ಕಳುವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ ಇದೇ ತತ್ತ್ವ ಹಿಡಿದು, ವಸ್ತು ಯಾರ ಸುಪರ್ದಿಯಲ್ಲಿತ್ತೋ ಅವರೇ ತಮ್ಮ ಅಜಾಗ್ರತೆ ಇರಲಿಲ್ಲವೆಂದು ತೋರಿಸಿಕೊಡಬೇಕು ಎಂದಿತು. ‘ಮಾಲೀಕರ ಜವಾಬ್ದಾರಿಯಲ್ಲಿ’ ಎಂದು ಚೀಟಿಯ ಮೇಲೆ ಮುದ್ರಿಸಿಬಿಟ್ಟರೆ ಸ್ವಂತ ಅಜಾಗ್ರತೆಯಿಂದ ಪಾರಾಗಲಾಗದು ಎಂದೂ ಹೇಳಿತು. ಜಾಬ್ ಕಾರ್ಡಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಇದರ ಬೆಳಕಿನಲ್ಲಿ ಓದಿ ನೋಡಿ. ಕಳುವಿಗೂ ಕೆಟ್ಟುಹೋದ ಸೆನ್ಸರಿಗೂ ವ್ಯತ್ಯಾಸವಿದೆ, ಒಪ್ಪುತ್ತೇನೆ. ಕಾರು ಕಾಣೆಯಾದದ್ದು ಎಲ್ಲರ ಕಣ್ಣಿಗೂ ಕಾಣುತ್ತದೆ. ಸೆನ್ಸರ್ ಒಳಬರುವಾಗಲೇ ಕೆಟ್ಟಿತ್ತೇ ಎಂಬುದು ಕಾಣದು. ಆ ಒಂದು ಸಂಗತಿ ತಿಳಿಯುವ ಉಪಕರಣ ಇರುವುದು ವರ್ಕ್‌ಶಾಪಿನ ಕೈಯಲ್ಲಿ. ಉಪಕರಣ ಇದ್ದವರು ಓದದೆ ಬಿಟ್ಟು, ಉಪಕರಣ ಇಲ್ಲದ ಗಿರಾಕಿಯಿಂದ ಪುರಾವೆ ಕೇಳುವುದು ಯಾವ ನ್ಯಾಯ?

ಇದಕ್ಕೆ ಬರುವ ಮೊದಲ ಆಕ್ಷೇಪ ಸಣ್ಣ ಗ್ಯಾರೇಜುಗಳದು, ಮತ್ತು ಅದು ತೂಕದ ಆಕ್ಷೇಪ. ಐಟಿಐ ಕಲಿತು ಇಬ್ಬರು ಹುಡುಗರನ್ನು ಇಟ್ಟುಕೊಂಡು ತಾಲೂಕು ಕೇಂದ್ರದಲ್ಲಿ ಶೆಡ್ ನಡೆಸುವವನು ಎಲ್ಲ ಕಂಪನಿಗಳ ಸ್ಕ್ಯಾನರ್ ಎಲ್ಲಿಂದ ತಂದಾನು? ಅಗ್ಗದ ಸಾಧನಗಳು ಎಂಜಿನ್ ಕೋಡುಗಳನ್ನು ಓದುತ್ತವೆ. ಎಬಿಎಸ್, ಏರ್‌ಬ್ಯಾಗ್, ಸ್ಟೀರಿಂಗ್ ಗಣಕಗಳ ಬಾಗಿಲು ಹಲವು ಸಲ ಕಂಪನಿಯ ಸ್ವಂತ ಸಾಧನಕ್ಕೇ ತೆರೆಯುವುದು. ನಿಯಮ ಹೇರಿದರೆ ಸಣ್ಣವರು ಮುಚ್ಚಿ, ಗಿರಾಕಿಗಳೆಲ್ಲ ಶೋರೂಮಿನ ಪಾಲಾಗುತ್ತಾರೆ ಎಂಬ ಭಯ ಸುಳ್ಳಲ್ಲ. ಆದರೆ ಆ ಭಯದ ಮದ್ದು ಸ್ಕ್ಯಾನ್ ಬೇಡ ಎನ್ನುವುದರಲ್ಲಿಲ್ಲ, ಸಾಧನಗಳನ್ನು ಎಲ್ಲರಿಗೂ ತೆರೆಯಿಸುವುದರಲ್ಲಿದೆ. ಬಿಡಿಭಾಗ ಮತ್ತು ರೋಗಪತ್ತೆ ಸಾಧನಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಮೇಲ್ಮನವಿಗೆ ಹೋದ ಮೂರು ಕಂಪನಿಗಳ ದಂಡವನ್ನು ನ್ಯಾಯಮಂಡಳಿ 2016ರಲ್ಲಿ ತಗ್ಗಿಸಿತಾದರೂ ತಪ್ಪು ನಡೆದಿದೆ ಎಂಬ ತೀರ್ಮಾನವನ್ನು ಎತ್ತಿಹಿಡಿಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲೇ ಮತ ಹಾಕಿ ಇಂಥ ಸಾಧನಗಳನ್ನು ಸ್ವತಂತ್ರ ಗ್ಯಾರೇಜುಗಳಿಗೂ ತೆರೆಯಿಸುವ ಹಕ್ಕು ಪಡೆದರು. ನಮ್ಮ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಸಮಿತಿ ಮಾಡಿ, ಆ ವರ್ಷದ ಕೊನೆಗೆ ಪೋರ್ಟಲ್ಲನ್ನೂ ತೆರೆಯಿತು; ಅದರಲ್ಲಿ ಮೋಟಾರು ವಾಹನಗಳೂ ಸೇರಿವೆ. ಪೋರ್ಟಲ್ಲು ಕಾನೂನಲ್ಲ ಎಂಬುದಷ್ಟೇ ಕೊರಗು. ಕಾನೂನು ಬರುವವರೆಗೆ ಸ್ಕ್ಯಾನ್‌ನ ಕಡ್ಡಾಯವನ್ನು ಅಧಿಕೃತ ಸರ್ವಿಸ್ ಕೇಂದ್ರಗಳಿಂದ ಆರಂಭಿಸಲು ಯಾವ ಅಡ್ಡಿಯೂ ಇಲ್ಲ. ಸಾಧನವೂ ಅವರಲ್ಲಿದೆ, ಬಿಲ್ಲಿನ ಮೊತ್ತವೂ ಅವರದೇ ದೊಡ್ಡದು.

ಸಮಯವಿಲ್ಲ ಎಂಬುದು ಎರಡನೆಯ ಆಕ್ಷೇಪ. ಎಲ್ಲ ಗಣಕಗಳನ್ನು ಒಟ್ಟಿಗೆ ಓದುವ ಸ್ಕ್ಯಾನ್‌ಗೆ ಕೆಲವೇ ನಿಮಿಷ ಸಾಕು. ಡ್ಯಾಶ್‌ಬೋರ್ಡ್ ಪಾಲಿಶ್ ಮಾಡಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಮೂರನೆಯದು ಸ್ವಲ್ಪ ಸೂಕ್ಷ್ಮ. ಹಳೆಯ ಕೋಡುಗಳ ಪಟ್ಟಿ ಕೈಗೆ ಕೊಟ್ಟರೆ ಗಿರಾಕಿ ಹೌಹಾರುತ್ತಾನೆ, ಎಂದೋ ಬ್ಯಾಟರಿ ಕುಸಿದಾಗ ಬಿದ್ದ ನಿರುಪದ್ರವಿ ಕೋಡು ಹಿಡಿದು ಜಗಳಕ್ಕೆ ಬರುತ್ತಾನೆ, ಅಥವಾ ಆ ಪಟ್ಟಿ ತೋರಿಸಿಯೇ ವರ್ಕ್‌ಶಾಪಿನವರು ಬೇಡದ ರಿಪೇರಿ ಮಾರುತ್ತಾರೆ ಎನ್ನುತ್ತಾರೆ. ಎರಡೂ ಆಗಬಹುದು. ಆದರೆ ಸ್ಕ್ಯಾನರ್ ಈಗಿನ ದೋಷ, ಹಿಂದಿನ ದೋಷ ಎಂದು ಬೇರೆ ಮಾಡಿಯೇ ತೋರಿಸುತ್ತದೆ. ರಕ್ತಪರೀಕ್ಷೆಯ ವರದಿಯನ್ನು ರೋಗಿಗೆ ಅರ್ಥವಾಗದು ಎಂದು ಲ್ಯಾಬಿನವರು ಬಚ್ಚಿಡುವುದಿಲ್ಲ; ಅರ್ಥ ಹೇಳುವ ಕೆಲಸ ವೈದ್ಯರದು, ಇಲ್ಲಿ ಅಡ್ವೈಸರದು. ಅಡ್ವೈಸರ್ ಎಂಬ ಹುದ್ದೆಯ ಹೆಸರಿಗೆ ಅಷ್ಟು ಕೆಲಸವಾದರೂ ಇರಲಿ. ಬೇಡದ ರಿಪೇರಿ ಮಾರುವವರು ವರದಿ ಇಲ್ಲದೆಯೂ ಮಾರುತ್ತಿದ್ದಾರೆ. ವರದಿ ಇದ್ದರೆ ಅದನ್ನು ಇನ್ನೊಬ್ಬ ಮೆಕ್ಯಾನಿಕ್ಕಿಗೆ ತೋರಿಸಿ ಕೇಳುವ ದಾರಿ ಗಿರಾಕಿಗೆ ಉಳಿಯುತ್ತದೆ.

ಮೆಕ್ಯಾನಿಕ್ಕುಗಳ ಕಡೆಯಿಂದ ನೋಡಿದರೂ ಈ ಪದ್ಧತಿ ಅವರಿಗೆ ರಕ್ಷಣೆ. ಒಳಬರುವ ಸ್ಕ್ಯಾನ್‌ನಲ್ಲೇ ಹಿಂದಿನ ಎಡ ಚಕ್ರದ ಸೆನ್ಸರ್ ಕೈಕೊಡುತ್ತಿದೆ ಎಂದು ಬಂದಿದ್ದರೆ, ಅದಕ್ಕೆ ಮಾಲೀಕರ ಸಹಿ ಇದ್ದರೆ, ಪ್ಯಾಡ್ ಬದಲಿಸಿದ ಮರುದಿನ ಎಬಿಎಸ್ ದೀಪ ಹೊತ್ತಿದಾಗ ವಾದಕ್ಕೆ ಎಡೆಯೇ ಇಲ್ಲ. ಹಳೆಯ ಕಪ್ಲರಿನ ಲಾಕು ಕೈಯಲ್ಲೇ ಮುರಿದುಬಂದರೆ ಫೋಟೊ ತೆಗೆದು, ಫೋನ್ ಮಾಡಿ ಹೇಳಿದರೆ ಹೆಚ್ಚಿನ ಮಾಲೀಕರು ಅರ್ಥ ಮಾಡಿಕೊಳ್ಳುತ್ತಾರೆ. ಕೇಬಲ್ ಟೈ ಬಿಗಿದು ಸುಮ್ಮನೆ ಕಳಿಸಿದ ಕಪ್ಲರ್ ಮೂರು ತಿಂಗಳ ಮೇಲೆ ಶಿರಾಡಿ ಘಾಟಿಯ ಮಳೆಯಲ್ಲಿ ಕಳಚಿಕೊಂಡರೆ ಅದನ್ನು ಕ್ಷಮಿಸುವುದು ಕಷ್ಟ. ವಸ್ತು ಮುರಿದದ್ದು ಅಪರಾಧವಲ್ಲ, ಮುಚ್ಚಿಟ್ಟದ್ದು ಅಪರಾಧ.

ಮಾಲೀಕರ ಪಾಲಿನ ಕೆಲಸವೂ ಇದೆ. ಕಾರು ಬಿಡುವಾಗ ಕೀಲಿ ಆನ್ ಮಾಡಿದರೆ ಎಲ್ಲ ದೀಪಗಳೂ ಒಮ್ಮೆ ಹೊತ್ತಿ, ಎಂಜಿನ್ ಸ್ಟಾರ್ಟ್ ಆದ ಮೇಲೆ ಒಂದೊಂದಾಗಿ ಆರಬೇಕು. ಅಡ್ವೈಸರ್ ಎದುರಿಗೇ ಆ ಕೆಲವು ಕ್ಷಣಗಳನ್ನು, ಓಡೋಮೀಟರ್ ಕಾಣುವಂತೆ, ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಹೊತ್ತಲೇ ಬೇಕಾದ ದೀಪ ಹೊತ್ತದಿದ್ದರೆ ಅದೂ ಗಮನಾರ್ಹ, ಯಾಕೆಂದರೆ ಏರ್‌ಬ್ಯಾಗ್ ದೀಪದ ಬಲ್ಬನ್ನೇ ಕಿತ್ತು ದೋಷ ಮರೆಮಾಚಿದ ಸೆಕೆಂಡ್ ಹ್ಯಾಂಡ್ ಕಾರುಗಳೂ ಮಾರುಕಟ್ಟೆಯಲ್ಲಿರುತ್ತವೆ. ಹೊರಗೆ ಹಾಕಿಸಿದ ಹಾರನ್, ಲೈಟು, ಟ್ರ್ಯಾಕರುಗಳನ್ನು ಮುಚ್ಚಿಡದೆ ಜಾಬ್ ಕಾರ್ಡಿನಲ್ಲಿ ಬರೆಸಿ. ಬಾನೆಟ್ ಕೆಳಗೆ ಪ್ರೆಶರ್ ವಾಶ್ ಬೇಡ ಎಂದೂ ಬರೆಸಿ. ಸರ್ವಿಸ್ ಆದ ಮೇಲೆ ದೀಪ ಹೊತ್ತಿದರೆ ಬಣ್ಣ ನೋಡಿ. ಕೆಂಪಾದರೆ, ಅಥವಾ ಚೆಕ್ ಎಂಜಿನ್ ದೀಪ ಮಿಣಮಿಣ ಮಿನುಗುತ್ತಿದ್ದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಟೋ ಮಾಡಿಸುವುದೇ ಲೇಸು; ಮಿಸ್ ಹೊಡೆಯುವ ಎಂಜಿನ್ ಓಡಿಸಿದರೆ ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದು ಸುಟ್ಟುಹೋಗುತ್ತದೆ. ಹಳದಿ ದೀಪವಾದರೆ ನಿಧಾನವಾಗಿ ಅದೇ ವರ್ಕ್‌ಶಾಪಿಗೆ ಒಯ್ಯಿರಿ. ಯಾರೋ ಹೇಳಿದರೆಂದು ಬ್ಯಾಟರಿ ಬಿಚ್ಚಿ ಹಾಕಬೇಡಿ, ದಾರಿಯ ಬದಿಯ ಅಂಗಡಿಯಲ್ಲಿ ಕೋಡು ಅಳಿಸಬೇಡಿ. ಮೊದಲು ಓದಿಸಿ, ಪರದೆಯ ಫೋಟೊ ತೆಗೆಯಿರಿ, ನಂತರವೇ ಅಳಿಸಲು ಒಪ್ಪಿ. ನಡುವೆ ಇನ್ನೊಂದು ಕೈ ಆಡಿದರೆ ಮೊದಲ ವರ್ಕ್‌ಶಾಪಿಗೆ ಜಾರಿಕೊಳ್ಳಲು ನೀವೇ ದಾರಿ ಮಾಡಿಕೊಟ್ಟಂತೆ.

ರಾಜ್ಯದ ಸಾರಿಗೆ ಇಲಾಖೆಗೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಗೂ ಕೇಳುವುದು ದೊಡ್ಡದೇನಲ್ಲ. ಅಧಿಕೃತ ಸರ್ವಿಸ್ ಕೇಂದ್ರಗಳ ಜಾಬ್ ಕಾರ್ಡಿಗೊಂದು ನಮೂನೆ ಗೊತ್ತುಮಾಡಿ, ಒಳಬರುವ ಮತ್ತು ಹೊರಹೋಗುವ ಸ್ಕ್ಯಾನ್ ವರದಿಯನ್ನು ಅದರ ಭಾಗ ಮಾಡಿ. ಬಿಚ್ಚಿದ ಕಪ್ಲರು, ಕಳಚಿದ ಬ್ಯಾಟರಿ, ಅಳಿಸಿದ ಕೋಡು ಎಲ್ಲಕ್ಕೂ ಒಂದೊಂದು ಸಾಲು ಇರಲಿ. ಅದು ಬರುವವರೆಗೆ ಓದುಗರು ಕಾಯಬೇಕಾಗಿಲ್ಲ, ಮುಂದಿನ ಸರ್ವಿಸ್‌ಗೆ ಹೋದಾಗಲೇ ವರದಿ ಕೇಳಿ. ಕೊಡಲಾಗದು ಎಂದರೆ ಹಾಗೆಂದೇ ಜಾಬ್ ಕಾರ್ಡಿನಲ್ಲಿ ಬರೆದುಕೊಡಲು ಹೇಳಿ. ಮಾತಿನಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಕಾಲಾವಕಾಶವಿದೆ. ಪಾವತಿಸಿದ ಮೊತ್ತ ಐದು ಲಕ್ಷ ರೂಪಾಯಿ ದಾಟದಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.